ಕಾಯಕಲ್ಪದ ಎರಡನೆಯ ಅರ್ಧ

ಕನ್ನಡ ದಿನಪತ್ರಿಕೆ ಓದುವವರಿಗೆ ‘ಕಾಯಕಲ್ಪ’ ಹೊಸ ಮಾತೇನಲ್ಲ. ಹೂಳು ತುಂಬಿದ ಕೆರೆಗೆ ಕಾಯಕಲ್ಪ, ಮಾಡು ಸೋರುವ ಸರ್ಕಾರಿ ಶಾಲೆಗೆ ಕಾಯಕಲ್ಪ, ಹಳೆಯ ಬಸ್ ನಿಲ್ದಾಣಕ್ಕೆ ಕಾಯಕಲ್ಪ, ಚುನಾವಣೆಯಲ್ಲಿ ನೆಲಕಚ್ಚಿದ ಪಕ್ಷಕ್ಕೂ ಕಾಯಕಲ್ಪ. ಸರ್ಕಾರಿ ಆಸ್ಪತ್ರೆಗಳ ನೈರ್ಮಲ್ಯಕ್ಕಾಗಿ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಪ್ರಶಸ್ತಿಗೆ ಇದೇ ಹೆಸರು. ಅದೇ ವರ್ಷ ರೈಲ್ವೆ ಇಲಾಖೆ ರತನ್ ಟಾಟಾ ಅವರ ಮುಂದಾಳತ್ವದಲ್ಲಿ ರಚಿಸಿದ ಪರಿಷತ್ತಿಗೂ ಇದೇ ಹೆಸರು. ಕಲ್ಲು, ಗಾರೆ, ಹಳಿ, ಕೆರೆಯಂಗಳ ಎಲ್ಲಕ್ಕೂ ಹೊಂದಿಕೊಂಡ ಈ ಪದ ಹುಟ್ಟಿದ್ದು ಮಾತ್ರ ಮನುಷ್ಯನ ಮೈಗಾಗಿ. ಮುಪ್ಪಡರಿದ ಮೈ ಮತ್ತೆ ಎಳೆಯದಾಗಲಿ ಎಂಬ ಆಸೆಗಾಗಿ.

ಊರೆಲ್ಲ ಸುತ್ತಿ ಬಂದ ಪದ ಈಗ ಹುಟ್ಟಿದ ಮನೆಗೆ ಮರಳಿದೆ. ಮಂಡಿ ಸವೆದು ಮೆಟ್ಟಿಲು ಹತ್ತಲಾರದವರು, ಲೋಟ ಹಿಡಿದರೆ ಕೈ ನಡುಗುವವರು, ನೋಟದ ನಟ್ಟನಡುವೆ ಮಸುಕು ಕವಿದವರು, ಮಕ್ಕಳ ಹೆಸರೇ ಮರೆಯತೊಡಗಿದವರು, ಇವರೆಲ್ಲರ ಮನೆಗಳಲ್ಲಿ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂಬ ಮಾತು ಕೇಳಿಬರುತ್ತಿದೆ. ಅದನ್ನು ಕನ್ನಡದಲ್ಲಿ ಬಣ್ಣಿಸಹೊರಟವರ ಬಾಯಿಗೆ ತಾನಾಗಿ ಬರುವ ಪದ ಕಾಯಕಲ್ಪ. ಹಾಗೆ ಬರುವುದರಲ್ಲಿ ತಪ್ಪಿಲ್ಲ. ಆದರೆ ಈ ಪದಕ್ಕೆ ಎರಡು ಭಾಗಗಳಿವೆ. ಕಾಯವನ್ನು ನಾವು ಬಿಗಿಯಾಗಿ ಹಿಡಿದುಕೊಂಡೆವು, ಕಲ್ಪದ ಅರ್ಥ ಕೈಜಾರಿತು. ಹಾಗೆ ಕೈಜಾರಿದ ಅರ್ಥವೇ ಇವತ್ತು ವಯಸ್ಸಾದವರಿಗೂ ಅವರನ್ನು ನೋಡಿಕೊಳ್ಳುವ ಮಕ್ಕಳಿಗೂ ತುರ್ತಾಗಿ ಬೇಕಾಗಿದೆ ಎಂದು ನನಗೆ ಅನ್ನಿಸುವುದರಿಂದ ಈ ಪದದ ಬೆನ್ನು ಹತ್ತಿದ್ದೇನೆ.

ಮೊದಲು ಕಾಯ. ಪಾಣಿನಿ ಈ ಪದವನ್ನು ‘ಚಿ’ ಧಾತುವಿನಿಂದ ಸಾಧಿಸುತ್ತಾನೆ. ಚಿ ಎಂದರೆ ಒಟ್ಟುಮಾಡು, ಕೂಡಿಹಾಕು. ಚಯನ, ಸಂಚಯ, ಉಪಚಯ, ಕಟ್ಟಿಗೆ ಒಟ್ಟಿ ಮಾಡುವ ಚಿತೆ, ಎಲ್ಲವೂ ಅದೇ ಬುಡದವು. ಗುಂಪು ಎಂಬ ಅರ್ಥದ ನಿಕಾಯವೂ ಅದೇ; ಬುದ್ಧನ ಉಪದೇಶಗಳ ಸಂಗ್ರಹಗಳಿಗೆ ನಿಕಾಯ ಎಂಬ ಹೆಸರು, ನಮ್ಮ ವಿಶ್ವವಿದ್ಯಾಲಯಗಳ ಕಲಾ ನಿಕಾಯ, ವಿಜ್ಞಾನ ನಿಕಾಯಗಳಿಗೂ ಅದೇ ಹೆಸರು. ಹಾಗಾಗಿ ಕಾಯ ಎಂದರೆ ಕೂಡಿ ಬಂದದ್ದು. ಮೈಗೆ ಸಂಸ್ಕೃತದಲ್ಲಿ ಇನ್ನೊಂದು ಹೆಸರು ಶರೀರ. ಅದನ್ನು ಪರಂಪರೆಯ ವ್ಯಾಖ್ಯಾನಕಾರರು ‘ಶೄ’ ಧಾತುವಿಗೆ ಸೇರಿಸುತ್ತಾರೆ. ಜೀರ್ಣಶೀರ್ಣ ಎನ್ನುವಾಗಿನ ಶೀರ್ಣ ಅಲ್ಲಿಂದಲೇ ಬಂದದ್ದು. ಸವೆಯುವುದು, ಉದುರುವುದು ಶರೀರ. ಒಂದೇ ಮೈಗೆ ಕೂಡುವುದೆಂದೂ ಹೆಸರು, ಉದುರುವುದೆಂದೂ ಹೆಸರು.

ಎರಡೂ ನಿಜ ಎಂಬುದನ್ನು ಇಂದಿನ ಜೀವವಿಜ್ಞಾನ ಲೆಕ್ಕ ಹಾಕಿ ತೋರಿಸಿದೆ. ನಮ್ಮ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸಾಯುವ ಕಣಗಳ ಜಾಗ ತುಂಬಲು ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಹೊರಬಿಡುತ್ತದೆ. ಕರುಳಿನ ಒಳಪದರ ಒಂದು ವಾರದೊಳಗೆ ಪೂರ್ತಿ ಹೊಸದಾಗುತ್ತದೆ. ಎಲ್ಲ ಅಂಗಗಳಿಗೂ ಈ ಭಾಗ್ಯವಿಲ್ಲ. ಹೃದಯದ ಸ್ನಾಯುವನ್ನೇ ನೋಡಿ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಅವರ ತಂಡ 2009ರಲ್ಲಿ ಒಂದು ಜಾಣ ದಾರಿಯಿಂದ ಅದರ ವಯಸ್ಸು ಕಂಡುಹಿಡಿಯಿತು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಆ ಕಾಲದಲ್ಲಿ ಹುಟ್ಟಿದ ಪ್ರತಿ ಜೀವಕೋಶದ ಡಿಎನ್‌ಎಯಲ್ಲೂ ತಾರೀಖಿನ ಮುದ್ರೆಯಂತೆ ಉಳಿದಿತ್ತು. ಅದನ್ನು ಅಳೆದಾಗ 25ರ ಹರೆಯದಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಶೇ. 1ರಷ್ಟು ಮಾತ್ರ ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಶೇ. 0.45ಕ್ಕೆ ಇಳಿಯುತ್ತದೆ ಎಂದು ತಿಳಿಯಿತು. ಕೂಡುವ ವೇಗ ಉದುರುವ ವೇಗಕ್ಕಿಂತ ಹಿಂದೆ ಬೀಳುವುದೇ ಮುಪ್ಪು. ಕಾಯವು ಶರೀರವಾಗುತ್ತಾ ಹೋಗುವುದು ಎಂದರೂ ಸರಿಯೇ.

ಮುಪ್ಪಿನ ಪದಗಳದ್ದೇ ಒಂದು ಚಂದದ ಬಳಗವಿದೆ. ಸಂಸ್ಕೃತದ ಜರಾ, ಗ್ರೀಕರ ‘ಗೆರೋನ್’ ಎರಡೂ ಒಂದೇ ಪ್ರಾಚೀನ ಮೂಲದಿಂದ ಬಂದವು. ವೃದ್ಧರ ವೈದ್ಯಕ್ಕೆ ಜೀರಿಯಾಟ್ರಿಕ್ಸ್ ಎಂದು ಹೆಸರಾದದ್ದು ಆ ಗ್ರೀಕ್ ಪದದಿಂದ. ಜೀರ್ಣ ಎಂಬುದೂ ಜರೆಯ ಸೋದರನೇ. ಉಂಡ ಅನ್ನ ಜೀರ್ಣವಾಗಬೇಕು, ಗುಡಿ ಜೀರ್ಣವಾದರೆ ಉದ್ಧಾರ ಮಾಡಬೇಕು. ಒಳಗೆ ಕರಗುವುದಕ್ಕೂ ಹೊರಗೆ ಸವೆಯುವುದಕ್ಕೂ ಒಂದೇ ಮಾತು ಸಾಕಾಯಿತು. ಕನ್ನಡದ ಮುಪ್ಪು, ಮುದಿ, ಮುದುಕ, ಮುತ್ತಜ್ಜ ದ್ರಾವಿಡ ಮೂಲದವು, ತಮಿಳಿನ ‘ಮೂಪ್ಪು’ ಇವುಗಳ ಒಡಹುಟ್ಟು. ಇಲ್ಲೊಂದು ಕುತೂಹಲ: ತಮಿಳು ಸಿದ್ಧವೈದ್ಯದಲ್ಲಿ ಹ್ರಸ್ವ ಉಕಾರದ ‘ಮುಪ್ಪು’ ಎಂದರೆ ಮೂರು ಉಪ್ಪುಗಳ ಗುಟ್ಟಿನ ಸಂಯೋಗ, ಮುದಿತನ ಕಳೆಯುವ ಮದ್ದು. ನಮಗೆ ರೋಗದ ಹೆಸರು, ಅವರಿಗೆ ಔಷಧದ ಹೆಸರು. ಸದ್ದು ಒಂದೇ ಎನ್ನುವುದನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ಕಾಯ ಎಂಬ ಪದ ಕನ್ನಡ ನಾಡಿಗೆ ಬಂದ ಮೇಲೆ ಅದಕ್ಕೆ ಬೇರೆಯೇ ಒಂದು ಬಾಳು ಸಿಕ್ಕಿತು. ಹನ್ನೆರಡನೆಯ ಶತಮಾನದ ಶರಣರು ಅದರಿಂದ ಕಾಯಕವನ್ನು ಕಟ್ಟಿದರು. ಮೈ ಇರುವುದು ದುಡಿಯಲಿಕ್ಕೆ, ದುಡಿಮೆಯ ಫಲ ಹಂಚಲಿಕ್ಕೆ. ಅದೇ ಕಾಲದ ಆಸುಪಾಸಿನಲ್ಲಿ ನಾಥರು, ಸಿದ್ಧರು, ರಸವಾದಿಗಳು ಅದೇ ಕಾಯವನ್ನು ಹಿಡಿದು ಇನ್ನೊಂದು ದಿಕ್ಕಿಗೆ ನಡೆದಿದ್ದರು. ಪಾದರಸ, ಗಂಧಕ, ಗಿಡಮೂಲಿಕೆ, ಉಸಿರಿನ ಕಟ್ಟು ಇವುಗಳಿಂದ ಮೈಯನ್ನು ಅಳಿವಿಲ್ಲದ್ದನ್ನಾಗಿ ಮಾಡಬೇಕು. ಅದಕ್ಕೆ ಕಾಯಸಿದ್ಧಿ ಎಂದು ಹೆಸರು, ಸಿದ್ಧಿಸಿದ ಮೈಗೆ ವಜ್ರಕಾಯ ಎಂದು ಹೆಸರು. ಈ ಎರಡು ದಾರಿಗಳು ಮುಖಾಮುಖಿಯಾದ ಸನ್ನಿವೇಶವನ್ನು ಕನ್ನಡ ಸಾಹಿತ್ಯ ಮರೆಯಲಾರದಂತೆ ಉಳಿಸಿಕೊಂಡಿದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ‘ಶೂನ್ಯಸಂಪಾದನೆ’ಯಲ್ಲೂ ಬರುವ ಅಲ್ಲಮ ಮತ್ತು ಗೋರಕ್ಷನ ಭೇಟಿ ಅದು. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣ್ ಎಂದಿತು, ಗಾಯವಾಗಲಿಲ್ಲ. ಅಲ್ಲಮನ ಮೈಗೆ ಬೀಸಿದರೆ ಕತ್ತಿ ಬಯಲಿನಲ್ಲಿ ಆಡಿದಂತೆ ಆಚೆ ಬಂತು. ಗಟ್ಟಿಯಾದದ್ದೇ ಗೆದ್ದದ್ದು ಎಂದು ನಂಬಿದ್ದ ಸಿದ್ಧ ಅಲ್ಲಿ ತಲೆಬಾಗುತ್ತಾನೆ. ಮೈಯನ್ನು ಸಾವಿನಿಂದ ತಪ್ಪಿಸುವ ಆಸೆಯನ್ನು ನಮ್ಮ ಭಾಷೆ ಆರೇಳು ನೂರು ವರ್ಷಗಳ ಹಿಂದೆಯೇ ಇಷ್ಟು ಆಳವಾಗಿ ಪರೀಕ್ಷೆಗೆ ಒಡ್ಡಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ. ಅದಕ್ಕೇ ಕನ್ನಡದವರಿಗೆ ಈ ಚರ್ಚೆ ಹೊರಗಿನಿಂದ ಬಂದದ್ದಲ್ಲ.

ಇನ್ನು ಕಲ್ಪ. ‘ಕ್ಲೃಪ್’ ಎಂಬ ಧಾತುವಿಗೆ ಹೊಂದಿಕೆಯಾಗು, ಅಣಿಯಾಗು, ಗೊತ್ತಾದ ಕ್ರಮದಲ್ಲಿ ನಿಲ್ಲು ಎಂಬ ಅರ್ಥಗಳಿವೆ. ವೇದದ ಆರು ಅಂಗಗಳಲ್ಲಿ ಒಂದು ಕಲ್ಪ. ಯಜ್ಞವನ್ನು ಯಾವ ಹೊತ್ತಿಗೆ, ಯಾವ ಅಳತೆಯಲ್ಲಿ, ಯಾವುದರ ನಂತರ ಯಾವುದು ಎಂದು ವಿಧಿಸುವ ಶಾಸ್ತ್ರ ಅದು. ಚರಕಸಂಹಿತೆಯಲ್ಲಿ ಕಲ್ಪಸ್ಥಾನ ಎಂಬ 12 ಅಧ್ಯಾಯಗಳ ಭಾಗವಿದೆ. ವಾಂತಿ, ಭೇದಿ ಮಾಡಿಸುವ ಔಷಧಗಳ ತಯಾರಿಯ ವಿಧಾನ ಅಲ್ಲಿನ ವಿಷಯ. ಆಯುರ್ವೇದ ಪಂಡಿತರು ಇಂದಿಗೂ ಮಜ್ಜಿಗೆಯೊಂದನ್ನೇ ಕ್ರಮವಾಗಿ ಏರಿಸುತ್ತಾ ಇಳಿಸುತ್ತಾ ಕೊಡುವ ಪಥ್ಯವನ್ನು ತಕ್ರಕಲ್ಪ ಎನ್ನುತ್ತಾರೆ. ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ, ಅದೂ ಕಲ್ಪವೇ. ತೆಂಗು ಕಲ್ಪವೃಕ್ಷ, ತುಮಕೂರು ಕಲ್ಪತರು ನಾಡು. ಮನಸ್ಸಿನಲ್ಲಿ ಅಣಿಗೊಳಿಸುವುದು ಕಲ್ಪನೆ, ಅಣಿಗೊಳಿಸಿ ಗಟ್ಟಿಮಾಡಿಕೊಳ್ಳುವುದು ಸಂಕಲ್ಪ. ಕರಾವಳಿಯ ಕನ್ನಡದಲ್ಲಿ ಈ ಧಾತುವಿನ ಹಳೆಯ ಅರ್ಥ ಮಾಸದೆ ಉಳಿದಿದೆ: ಸಭೆಯ ಕರೆಯೋಲೆಗಳಲ್ಲಿ ‘ಕ್ಲಪ್ತ ಸಮಯಕ್ಕೆ ಬರಬೇಕು’ ಎಂದು ಬರೆಯುತ್ತಾರೆ. ಗೊತ್ತುಮಾಡಿದ, ವಿಧಿಸಿದ ಸಮಯ ಎಂದರ್ಥ.

ಹೀಗಾಗಿ ಕಾಯಕಲ್ಪ ಎಂದರೆ ಕಾಯಕ್ಕೆ ವಿಧಿಸಿದ ಕ್ರಮ. ಇಂಥದ್ದರ ನಂತರ ಇಂಥದ್ದು, ಇಷ್ಟು ದಿನ, ಈ ಅಳತೆಯಲ್ಲಿ, ಇಂಥವರಿಗೆ ಮಾತ್ರ ಎಂಬ ನಿಯಮ ಆ ಪದದ ಒಳಗೇ ಕೂತಿದೆ. ‘ಹೊಸ ರೂಪ’ ಎಂಬ ಇಂದಿನ ಅರ್ಥ ಫಲವನ್ನು ಮಾತ್ರ ಹಿಡಿಯುತ್ತದೆ, ವಿಧಾನವನ್ನು ಕೈಬಿಡುತ್ತದೆ.

ಆ ವಿಧಾನ ಎಷ್ಟು ಕಟ್ಟುನಿಟ್ಟಾಗಿತ್ತು ಎಂಬುದಕ್ಕೆ ಚರಕನನ್ನೇ ನೋಡಬೇಕು. ಅವನ ಪದ ರಸಾಯನ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಚಿಕಿತ್ಸಾಸ್ಥಾನ ಆರಂಭವಾಗುವುದೇ ಅದರಿಂದ. ರಸಾಯನದಲ್ಲಿ ಎರಡು ಬಗೆ. ಗಾಳಿ ಬಿಸಿಲಿನಲ್ಲಿ ಓಡಾಡಿಕೊಂಡೇ ಸೇವಿಸುವುದು ವಾತಾತಪಿಕ. ಎಲ್ಲ ಬಿಟ್ಟು ಗುಡಿಸಲು ಹೊಕ್ಕು ಮಾಡುವುದು ಕುಟೀಪ್ರಾವೇಶಿಕ. ಒಂದರೊಳಗೊಂದು ಮೂರು ಕೋಣೆಗಳ ಕುಟಿ ಕಟ್ಟಬೇಕು, ಒಳಹೊಕ್ಕು ಮೊದಲು ಶೋಧನದಿಂದ ಮೈ ಶುದ್ಧಿ ಮಾಡಿಕೊಳ್ಳಬೇಕು, ಆಮೇಲೆ ಔಷಧ. ಬಿಡುವು, ಅನುಕೂಲ, ಮನಸ್ಸಿನ ಹಿಡಿತ ಇಲ್ಲದವರಿಗೆ ಇದು ಬೇಡ ಎಂದೂ ಹೇಳಿದೆ. ಸುಶ್ರುತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಸಾಯನವನ್ನು ಎಳೆ ಹರೆಯದಲ್ಲೋ ನಡುಹರೆಯದಲ್ಲೋ ಮಾಡಬೇಕು ಎನ್ನುತ್ತಾನೆ. ಮುಪ್ಪಿನ ಮದ್ದು ಮುದುಕರಿಗಲ್ಲ! ಕೊಳೆಯಾದ ಬಟ್ಟೆಗೆ ಬಣ್ಣ ಹಿಡಿಯದಂತೆ ಶೋಧನೆಯಾಗದ ಮೈಗೆ ರಸಾಯನ ಹಿಡಿಯದು ಎಂಬುದು ಅವನ ವಿವರಣೆ. ಅಶ್ವಿನಿ ದೇವತೆಗಳು ಮುದುಕ ಚ್ಯವನನನ್ನು ಹರೆಯದವನನ್ನಾಗಿ ಮಾಡಿದ ಕಥೆ ಋಗ್ವೇದದಷ್ಟು ಹಳೆಯದು, ಚ್ಯವನಪ್ರಾಶದ ಡಬ್ಬಿಯಷ್ಟು ಹೊಸದು. ಕಥೆಯನ್ನು ಒಪ್ಪಿಕೊಂಡ ಶಾಸ್ತ್ರಕಾರರು ಚಿಕಿತ್ಸೆಯ ವಿಷಯ ಬಂದಾಗ ಇಷ್ಟು ಷರತ್ತು ಹಾಕಿದರು.

ರಸಾಯನ ಎಂಬ ಪದ ಮುಂದೆ ಹಿಡಿದ ದಾರಿಗಳು ಹಲವು. ರಸವಾದಿಗಳ ಪಾದರಸದ ಮೂಲಕ ಹಾದು ಅದು ಶಾಲೆಯ ರಸಾಯನಶಾಸ್ತ್ರವಾಯಿತು, ಹೊಲದ ರಾಸಾಯನಿಕ ಗೊಬ್ಬರವಾಯಿತು. ನಮ್ಮ ಅಡುಗೆಮನೆಯಲ್ಲಿ ಬಾಳೆಹಣ್ಣು, ಬೆಲ್ಲ, ತೆಂಗಿನಹಾಲು, ಏಲಕ್ಕಿ ಕೂಡಿದ ಸಿಹಿಯಾಗಿ ಒತ್ತುಶ್ಯಾವಿಗೆಯ ಪಕ್ಕ ಕುಳಿತಿತು. ಆಯುಸ್ಸು ಹೆಚ್ಚಿಸುವ ಪದವಿಯನ್ನು ಅದು ಬಿಟ್ಟುಕೊಟ್ಟ ಜಾಗಕ್ಕೆ ಬಂದು ಕೂತದ್ದು ಕಾಯಕಲ್ಪ. ಪ್ರೇಮಚಂದರು 1926ರಲ್ಲಿ ಪ್ರಕಟಿಸಿದ ಹಿಂದಿ ಕಾದಂಬರಿಯ ಹೆಸರೇ ‘ಕಾಯಾಕಲ್ಪ’. ದೇಶದ ಮನೆಮನೆಗೆ ಆ ಮಾತು ತಲುಪಿದ್ದು 1938ರಲ್ಲಿ. ಆ ವರ್ಷ 76ರ ಹರೆಯದ ಮದನಮೋಹನ ಮಾಳವೀಯರು ತಪಸೀ ಬಾಬಾ ಎಂಬ ಸಾಧುವಿನ ಕೈಯಲ್ಲಿ ಪ್ರಯಾಗದಲ್ಲಿ ಕಾಯಕಲ್ಪ ಮಾಡಿಸಿಕೊಂಡರು. ಕಾಶಿ ಹಿಂದೂ ವಿಶ್ವವಿದ್ಯಾಲಯ ಕಟ್ಟಿದ ಹಿರಿಯರು ಕುಟಿ ಹೊಕ್ಕರೆಂದು ಪತ್ರಿಕೆಗಳು ಬರೆದವು. ಹೊರಬಂದಾಗ ಚೈತನ್ಯ ಬಂದಿದೆ ಎಂದವು. ಮಾಳವೀಯರು 1946ರ ನವೆಂಬರಿನಲ್ಲಿ, ಇನ್ನೇನು 85 ತುಂಬುವ ಹೊತ್ತಿಗೆ ತೀರಿಕೊಂಡರು. ಹಿರಿಯರೊಬ್ಬರು ದೀರ್ಘವಾಗಿ ಬಾಳಿದರು ಎನ್ನಬಹುದೇ ಹೊರತು ಮುಪ್ಪು ಹಿಂದೆ ಸರಿಯಿತು ಎನ್ನಲು ಅಲ್ಲಿ ಯಾವ ಆಧಾರವೂ ಇಲ್ಲ.

ಯುರೋಪಿನವರಿಗೂ ಈ ಹಂಬಲ ಕಡಿಮೆಯಿರಲಿಲ್ಲ. ಹೆಸರಾಂತ ಶರೀರವಿಜ್ಞಾನಿ ಬ್ರೌನ್ ಸೆಕಾರ್ 1889ರಲ್ಲಿ, ತಮ್ಮ 72ರಲ್ಲಿ, ಪ್ರಾಣಿಗಳ ವೃಷಣದ ಸಾರವನ್ನು ಚುಚ್ಚಿಕೊಂಡು ಹರೆಯ ಮರಳಿತೆಂದು ಪ್ಯಾರಿಸ್ಸಿನಲ್ಲಿ ಸಾರಿದರು. 1931ರಿಂದ ಸ್ವಿಟ್ಜರ್‌ಲೆಂಡಿನಲ್ಲಿ ಪೌಲ್ ನೀಹಾನ್ಸ್ ಎಂಬ ವೈದ್ಯ ಕುರಿಯ ಭ್ರೂಣದ ಜೀವಕೋಶಗಳನ್ನು ಸಿರಿವಂತರಿಗೆ ಚುಚ್ಚತೊಡಗಿದರು. ಪೋಪ್ ಹನ್ನೆರಡನೆಯ ಪಯಸ್ ಕೂಡ ಅವರಿಂದ ಚಿಕಿತ್ಸೆ ಪಡೆದರು. ‘ಸೆಲ್ ಚಿಕಿತ್ಸೆ’ ಎಂಬ ಮಾತು ಪ್ರಯೋಗಾಲಯದಿಂದ ಬರುವ ಮೊದಲೇ ಇಂಥ ಚಿಕಿತ್ಸಾಲಯಗಳಿಂದ ಜಗತ್ತಿಗೆ ಪರಿಚಯವಾಗಿತ್ತು ಎಂಬುದನ್ನು ನೆನಪಿಡಬೇಕು.

ಈಗ ಹೊಸ ಪದದ ಹುಟ್ಟಿಗೆ ಬರೋಣ. ಜರ್ಮನಿಯ ಎರ್ನ್‌ಸ್ಟ್ ಹೆಕೆಲ್ 1868ರಲ್ಲಿ ‘ಸ್ಟಾಮ್‌ಜೆಲ್ಲೆ’ ಎಂಬ ಪದವನ್ನು ಬಳಸಿದ. ಜರ್ಮನ್ನಿನಲ್ಲಿ ಸ್ಟಾಮ್ ಎಂದರೆ ಮರದ ಕಾಂಡ, ಕುಲ ಎಂದೂ ಅರ್ಥ; ವಂಶವೃಕ್ಷಕ್ಕೆ ‘ಸ್ಟಾಮ್‌ಬೌಮ್’ ಎನ್ನುತ್ತಾರೆ. ಎಲ್ಲ ಜೀವಿಗಳೂ ಕವಲೊಡೆದು ಬಂದ ಆದಿಯ ಏಕಕೋಶ ಜೀವಿಯನ್ನು ಅವನು ಹಾಗೆ ಕರೆದ. ಆಮೇಲೆ ಫಲಿತ ಅಂಡಕ್ಕೂ ಅದೇ ಹೆಸರಿಟ್ಟ. ಶತಮಾನದ ಕೊನೆಗೆ ರಕ್ತದ ಅಧ್ಯಯನ ಮಾಡುತ್ತಿದ್ದವರು ಎಲ್ಲ ಬಗೆಯ ರಕ್ತಕಣಗಳಿಗೂ ತಾಯಿಯಾದ ಒಂದು ಕೋಶ ಇರಬೇಕೆಂದು ಊಹಿಸಿ ಈ ಪದವನ್ನು ಎತ್ತಿಕೊಂಡರು. ಕನ್ನಡದಲ್ಲಿ ಇದಕ್ಕೆ ಕಾಂಡಕೋಶ, ಆಕರಕೋಶ, ಮೂಲಕೋಶ ಎಂಬ ಮೂರು ಹೆಸರುಗಳು ಚಾಲ್ತಿಯಲ್ಲಿವೆ. ಹೆಕೆಲ್ಲನ ಮನಸ್ಸಿನಲ್ಲಿದ್ದ ಮರವನ್ನು ಉಳಿಸಿಕೊಂಡಿರುವುದರಿಂದ ನನಗೆ ಕಾಂಡಕೋಶವೇ ಇಷ್ಟ.

ಊಹೆ ಸಾಕ್ಷಿಯಾಗಲು 1961 ಬರಬೇಕಾಯಿತು. ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕುಲಕ್ ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಆರೋಗ್ಯವಂತ ಇಲಿಯ ಮಜ್ಜೆಯನ್ನು ಕೊಟ್ಟಾಗ ಅವುಗಳ ಗುಲ್ಮದ ಮೇಲೆ ಸಣ್ಣ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೊಂದೇ ಕೋಶದಿಂದ ಬೆಳೆದದ್ದೆಂದು ಮುಂದಿನ ಎರಡು ವರ್ಷಗಳಲ್ಲಿ ಸಿದ್ಧವಾಯಿತು. ತನ್ನಂಥದನ್ನೇ ಹಡೆಯಬಲ್ಲದ್ದು, ಜೊತೆಗೆ ಬೇರೆ ಬಗೆಯ ಕೋಶಗಳಾಗಿ ಕವಲೊಡೆಯಬಲ್ಲದ್ದು: ಈ ಎರಡು ಶಕ್ತಿಯೂ ಇದ್ದರೆ ಮಾತ್ರ ಕಾಂಡಕೋಶ. ಅಮೆರಿಕದ ಡೊನಾಲ್ ಥಾಮಸ್ ಇದೇ ಮಜ್ಜೆಯ ಕಸಿಯನ್ನು ಮನುಷ್ಯರಲ್ಲಿ ದಶಕಗಳ ಕಾಲ ಸೋತು ಗೆದ್ದು ನೆಲೆಗೊಳಿಸಿ 1990ರಲ್ಲಿ ನೊಬೆಲ್ ಪಡೆದರು. ರಕ್ತದ ಕ್ಯಾನ್ಸರಿಗೆ, ಥಲಸೇಮಿಯಾಕ್ಕೆ ಇಂದು ನಮ್ಮಲ್ಲೂ ನಡೆಯುವ ಮಜ್ಜೆಯ ಕಸಿಯೇ ಜಗತ್ತಿನ ಅತ್ಯಂತ ಹಳೆಯ, ಅತ್ಯಂತ ಖಚಿತ ಕಾಂಡಕೋಶ ಚಿಕಿತ್ಸೆ.

ಮುಪ್ಪಿಗೂ ಈ ಕೋಶಗಳಿಗೂ ಏನು ಸಂಬಂಧ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಮನಮುಟ್ಟುವ ಸಾಕ್ಷ್ಯ ನೆದರ್ಲೆಂಡ್ಸಿನ ಹೆಂಡ್ರಿಕ್ಯೆ ವಾನ್ ಆಂಡೆಲ್ ಸ್ಖಿಪ್ಪರ್ ಅವರದು. 1890ರಲ್ಲಿ ಹುಟ್ಟಿ 115 ವರ್ಷ ಬಾಳಿ 2005ರಲ್ಲಿ ತೀರಿಕೊಂಡ ಆ ಅಜ್ಜಿ ತಮ್ಮ ದೇಹವನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟಿದ್ದರು. ಅವರ ರಕ್ತವನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದಂತೆ, ಕೊನೆಗಾಲದಲ್ಲಿ ಅವರ ಬಿಳಿರಕ್ತಕಣಗಳಲ್ಲಿ ಮೂರನೇ ಎರಡರಷ್ಟು ಬರೀ ಎರಡು ಕಾಂಡಕೋಶಗಳ ಸಂತಾನವಾಗಿದ್ದವು. ಹರೆಯದಲ್ಲಿ ಸಾವಿರಾರು ಕಾಂಡಕೋಶಗಳು ಹಂಚಿಕೊಂಡು ಮಾಡುವ ಕಾಯಕವನ್ನು ಆ ಎರಡು ಹೊತ್ತಿದ್ದವು. 2022ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಹಿರಿಯರ ರಕ್ತದಲ್ಲೂ 70 ದಾಟಿದ ಮೇಲೆ ಇಂಥ ಕುಸಿತವನ್ನು ಕಂಡರು.

ಹಾಗಾದರೆ ಹೊಸ ಕಾಂಡಕೋಶ ತಂದು ತುಂಬಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಅನ್ನಿಸುವುದರ ಮೇಲೆಯೇ ದೊಡ್ಡ ವ್ಯಾಪಾರ ನಿಂತಿದೆ. ಆದರೆ ಸ್ಟ್ಯಾನ್‌ಫರ್ಡಿನ ಥಾಮಸ್ ರ‍್ಯಾಂಡೊ, ಇರಿನಾ ಕಾನ್‌ಬಾಯ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದ್ದು ಬೇರೆ. ಮುದಿ ಇಲಿ ಮತ್ತು ಎಳೆ ಇಲಿಯ ರಕ್ತನಾಳಗಳು ಕೂಡುವಂತೆ ಅವನ್ನು ಜೋಡಿಸಿದಾಗ ಮುದಿ ಇಲಿಯ ಸ್ನಾಯುವಿನ ಕಾಂಡಕೋಶಗಳು ಗಾಯ ಮಾಯಿಸುವ ಕೆಲಸಕ್ಕೆ ಮತ್ತೆ ಎದ್ದವು. ಕೋಶ ಸತ್ತಿರಲಿಲ್ಲ, ಅದರ ಸುತ್ತಲಿನ ರಸಗಳು ಹಳತಾಗಿ ಅದನ್ನು ಮಲಗಿಸಿದ್ದವು. ಕಾಂಡಕೋಶ ನೆಲೆಸುವ ಆ ನೆರೆಯನ್ನು ಹದಗೆಡಿಸಿಕೊಂಡ ಮೈಗೆ ಹೊಸ ಕೋಶ ಸುರಿದರೆ ಅದೂ ಹಳತರ ಹಾದಿ ಹಿಡಿಯಬಹುದು. ಸುಶ್ರುತ ಮತ್ತು ಸ್ಟ್ಯಾನ್‌ಫರ್ಡ್ ಒಂದೇ ಮಾತು ಹೇಳಿದರು ಎಂದು ನಾನು ಹೇಳಲಾರೆ. ಸುಶ್ರುತನಿಗೆ ಜೀವಕೋಶ ಗೊತ್ತಿರಲಿಲ್ಲ. 2019ರ ಜನವರಿಯಲ್ಲಿ ಜಲಂಧರಿನ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಕೌರವರು ಕಾಂಡಕೋಶ ತಂತ್ರದಿಂದ ಹುಟ್ಟಿದರೆಂಬ ಮಾತು ಬಂದಾಗ ದೇಶದ ವಿಜ್ಞಾನಿಗಳು ಪ್ರತಿಭಟಿಸಿದ್ದು ಸರಿಯಾಗಿತ್ತು. ಅಂಥ ಮಾತು ವ್ಯಾಸರಿಗೂ ಅವಮಾನ, ವಿಜ್ಞಾನಕ್ಕೂ ಅವಮಾನ. ಎರಡು ಕಾಲದ ಪ್ರಾಮಾಣಿಕರು ಷರತ್ತು ಹಾಕಿದರು ಎಂಬಷ್ಟೇ ಸಾಮ್ಯ ನನಗೆ ಕಾಣುವುದು.

ಕ್ಯೋಟೊದ ಶಿನ್ಯಾ ಯಮನಾಕ 2006ರಲ್ಲಿ ಈ ಪದಕ್ಕೆ ಇನ್ನೊಂದು ತಿರುವು ಕೊಟ್ಟರು. ಇಪ್ಪತ್ನಾಲ್ಕು ಜೀನುಗಳಿಂದ ಹುಡುಕಾಟ ಆರಂಭಿಸಿ ನಾಲ್ಕಕ್ಕೆ ಇಳಿಸಿ, ಆ ನಾಲ್ಕರಿಂದ ಇಲಿಯ ಚರ್ಮದ ಸಾಮಾನ್ಯ ಕೋಶವನ್ನು ಭ್ರೂಣದ ಕಾಂಡಕೋಶದಂಥ ಸ್ಥಿತಿಗೆ ಹಿಂದೆ ತಂದರು. ಮರುವರ್ಷ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. 2012ರ ನೊಬೆಲ್ ಅವರಿಗೂ ಜಾನ್ ಗರ್ಡನ್ ಅವರಿಗೂ ಬಂತು. ವಯಸ್ಸಾದ ಕೋಶ ಎಳೆಯದಾಗುವುದು ಕಣ್ಣಿಗೆ ಕಾಣುವ ಸಂಗತಿಯಾಯಿತು. ಅದರ ಜೊತೆಗೇ ಅಪಾಯವೂ ಕಂಡಿತು: ಆ ನಾಲ್ಕರಲ್ಲಿ ಒಂದು ಜೀನಿಗೆ ಕ್ಯಾನ್ಸರಿನ ನಂಟಿದೆ, ಪ್ರಾಣಿಯ ಮೈಯಲ್ಲಿ ನಾಲ್ಕನ್ನೂ ಬಿಡದೆ ಕೆಲಸಕ್ಕೆ ಹಚ್ಚಿದರೆ ಗಡ್ಡೆಗಳು ಏಳುತ್ತವೆ.

ಆ ಶೋಧದ ಫಲ ಮುಪ್ಪಿನ ರೋಗಿಯೊಬ್ಬರನ್ನು ಮೊದಲು ತಲುಪಿದ್ದು 2014ರ ಸೆಪ್ಟೆಂಬರಿನಲ್ಲಿ, ಜಪಾನಿನ ಕೋಬೆಯಲ್ಲಿ. ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆಯುವ ಮ್ಯಾಕ್ಯುಲಾ ರೋಗವಿದ್ದ, ಎಪ್ಪತ್ತು ದಾಟಿದ ಮಹಿಳೆಯೊಬ್ಬರಿಗೆ ಅವರದೇ ಚರ್ಮದಿಂದ ಬೆಳೆಸಿದ ಅಕ್ಷಿಪಟಲದ ತೆಳುಪದರವನ್ನು ಕೂರಿಸಲಾಯಿತು. ಮುಂದಾಳು ಮಸಾಯೊ ತಕಾಹಾಶಿ. ಕೋಶಗಳ ಜೀನುಗಳನ್ನು ಓದಿ, ಗಡ್ಡೆಯಾಗದೆಂದು ಪರೀಕ್ಷಿಸಿ, ಒಂದೇ ಕಣ್ಣಿಗೆ ಕೂರಿಸಿದರು. ಎರಡನೆಯ ರೋಗಿಯ ಕೋಶಗಳಲ್ಲಿ ಜೀನಿನ ಬದಲಾವಣೆಗಳು ಕಂಡಾಗ ಕಸಿಯನ್ನೇ ನಿಲ್ಲಿಸಿದರು. ಒಂದು ವರ್ಷದ ಮೇಲೆ ಮೊದಲ ಮಹಿಳೆಯ ದೃಷ್ಟಿ ಸುಧಾರಿಸಿರಲಿಲ್ಲ, ಕೆಟ್ಟಿರಲೂ ಇಲ್ಲ. ಅದನ್ನು ಹಾಗೆಯೇ ಬರೆದರು.

ಆ ವರದಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದದ್ದು 2017ರ ಮಾರ್ಚಿನಲ್ಲಿ. ಅದೇ ಸಂಚಿಕೆಯಲ್ಲಿ, ಅದರ ಬೆನ್ನಿಗೇ, ಅದೇ ಕಣ್ಣಿನ ರೋಗದ ಇನ್ನೊಂದು ವರದಿಯಿತ್ತು. ಅಮೆರಿಕದ ಫ್ಲಾರಿಡಾದ ಚಿಕಿತ್ಸಾಲಯವೊಂದರಲ್ಲಿ 72ರಿಂದ 88 ವರ್ಷದೊಳಗಿನ ಮೂವರು ಮಹಿಳೆಯರು ತಲಾ 5,000 ಡಾಲರ್ ಕೊಟ್ಟು ತಮ್ಮದೇ ಕೊಬ್ಬಿನಿಂದ ತೆಗೆದ ‘ಕಾಂಡಕೋಶ’ಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿಸಿಕೊಂಡಿದ್ದರು. ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಿದ್ದ ಪ್ರಯೋಗವೆಂದು ಅಲ್ಲಿ ನಂಬಿಕೆ ಹುಟ್ಟಿತ್ತು. ಮೂವರೂ ಇದ್ದ ದೃಷ್ಟಿಯನ್ನು ಕಳೆದುಕೊಂಡು ಕುರುಡಾದರು. ರೋಗ ಒಂದೇ, ಹರೆಯ ಒಂದೇ, ಚಿಕಿತ್ಸೆಯ ಹೆಸರೂ ಒಂದೇ. ಕೋಬೆಯಲ್ಲಿ ಕಲ್ಪವಿತ್ತು, ಫ್ಲಾರಿಡಾದಲ್ಲಿ ಇರಲಿಲ್ಲ. ಈ ಎರಡು ವರದಿಗಳನ್ನು ಒಟ್ಟಿಗೆ ಓದಿದಾಗ ನನಗೆ ಸಂಕಟವಾದಷ್ಟೇ ಸಿಟ್ಟೂ ಬಂತು. ಮನೆಯ ಅಜ್ಜಿಯ ಕಣ್ಣು ಬೆಳಗಲಿ ಎಂದು ಹಣ ಹೊಂದಿಸಿ ಕಳುಹಿಸಿದ ಮಕ್ಕಳನ್ನು ಇಂಥ ಕಡೆ ಯಾರು ಸಮಾಧಾನ ಮಾಡಬೇಕು?

ಕೊಬ್ಬು, ಮಜ್ಜೆ, ಹೊಕ್ಕುಳಬಳ್ಳಿಯಿಂದ ಸುಲಭವಾಗಿ ಸಿಗುವ ಈ ಬಗೆಯ ಕೋಶಗಳಿಗೆ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂದು 1991ರಲ್ಲಿ ಹೆಸರಿಟ್ಟವರು ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್. ಅವೇ ಇವತ್ತು ಮಂಡಿಗೆ, ಬೆನ್ನಿಗೆ, ಸಕ್ಕರೆ ಕಾಯಿಲೆಗೆ, ‘ಯೌವನ’ಕ್ಕೆ ಎಲ್ಲೆಡೆ ಚುಚ್ಚಲಾಗುತ್ತಿರುವ ಕೋಶಗಳು. 2017ರಲ್ಲಿ ಕ್ಯಾಪ್ಲನ್ ತಾವೇ ಇಟ್ಟ ಹೆಸರನ್ನು ಬದಲಾಯಿಸಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಮೈಗೆ ಸೇರಿದ ಮೇಲೆ ಇವು ಹೊಸ ಅಂಗಾಂಶವಾಗಿ ಬೆಳೆಯುವುದಿಲ್ಲ, ಉರಿಯೂತ ತಗ್ಗಿಸುವಂಥ ಸಂಕೇತಗಳನ್ನು ಸ್ರವಿಸಿ ಕೆಲಸ ಮಾಡುತ್ತವೆ, ‘ಸ್ಟೆಮ್’ ಎಂಬ ಮಾತೇ ರೋಗಿಗಳನ್ನು ದಾರಿ ತಪ್ಪಿಸುತ್ತಿದೆ ಎಂಬುದು ಅವರ ಅಳಲು. ಹೆಸರು ಮಾತ್ರ ಬದಲಾಗಲಿಲ್ಲ. ಆ ಹೆಸರಿಗೆ ಆಗಲೇ ಮಾರುಕಟ್ಟೆಯಲ್ಲಿ ಬೆಲೆ ಬಂದಿತ್ತು.

ನಮ್ಮ ದೇಶ ಒಂದು ಪದದ ವಿಷಯದಲ್ಲಿ ಎಚ್ಚರ ತೋರಿದ್ದನ್ನು ಇಲ್ಲಿ ಮೆಚ್ಚಿ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2007ರಲ್ಲಿ ಹೊರತಂದ ಮಾರ್ಗಸೂಚಿಯ ಶೀರ್ಷಿಕೆಯಲ್ಲಿ ಕಾಂಡಕೋಶ ‘ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. 2013ರಲ್ಲಿ ಅದನ್ನು ಪರಿಷ್ಕರಿಸಿದಾಗ ‘ಚಿಕಿತ್ಸೆ’ ಎಂಬ ಪದವನ್ನು ಬೇಕೆಂದೇ ತೆಗೆದುಹಾಕಿದರು. ಸಾಬೀತಾಗದ್ದನ್ನು ಚಿಕಿತ್ಸೆ ಎನ್ನಬಾರದು ಎಂಬ ಕಾರಣಕ್ಕೆ. 2017ರ ಪರಿಷ್ಕರಣೆಯೂ ಅದನ್ನೇ ಎತ್ತಿಹಿಡಿಯಿತು: ರಕ್ತಸಂಬಂಧಿ ರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ, ಪ್ರಯೋಗವಾಗಿಯೇ ನಡೆಯಬೇಕು.

ಈ ದಾರಿಯಲ್ಲಿ ನಡೆದು ಗುರಿ ಮುಟ್ಟಿದ ಒಂದು ಔಷಧ ನಮ್ಮ ಬೆಂಗಳೂರಿನದೇ. ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಮಜ್ಜೆಯಿಂದ ತಯಾರಿಸಿದ ‘ಸ್ಟೆಂಪ್ಯೂಸೆಲ್’ಗೆ ದೇಶದ ಔಷಧ ನಿಯಂತ್ರಕರು 2020ರಲ್ಲಿ, ಕಾಲಿನ ರಕ್ತಸಂಚಾರ ನಿಂತು ಕೊಳೆಯುವ ಸ್ಥಿತಿಗೆ ಬಂದ ರೋಗಿಗಳಿಗಾಗಿ ಒಪ್ಪಿಗೆ ಕೊಟ್ಟರು. ಮುಂದೆ ಮಂಡಿ ಸವೆತಕ್ಕೂ ಒಪ್ಪಿಗೆ ಸಿಕ್ಕಿತು. ನೋವು ತಗ್ಗಿಸಿ ಓಡಾಟ ಸುಲಭ ಮಾಡುವುದು ಅದರ ಉದ್ದೇಶ; 70ರ ಮಂಡಿಯನ್ನು 20ರ ಮಂಡಿಯಾಗಿಸುವ ಮಾತು ಅಲ್ಲಿಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕಾಂಡಕೋಶಗಳ ಮೂಲ ಸಂಶೋಧನೆ ನಡೆಯುತ್ತಿದೆ. ಹೊರದೇಶದಲ್ಲಿ ಪಾರ್ಕಿನ್‌ಸನ್ ರೋಗಕ್ಕೆ ಆಸೆ ಹುಟ್ಟಿಸುವ ಎರಡು ಪ್ರಯೋಗಗಳ ವರದಿ 2025ರ ಏಪ್ರಿಲಿನಲ್ಲಿ ಬಂತು, ಒಂದು ಕ್ಯೋಟೊದಿಂದ, ಇನ್ನೊಂದು ಉತ್ತರ ಅಮೆರಿಕದಿಂದ. ಮೊದಲನೆಯದರಲ್ಲಿ 7 ಮಂದಿ, ಎರಡನೆಯದರಲ್ಲಿ 12 ಮಂದಿ. ಮಿದುಳಿಗೆ ಸೇರಿಸಿದ ಕೋಶಗಳು ಉಳಿದವು, ಗಡ್ಡೆಯಾಗಲಿಲ್ಲ, ಕೆಲವರ ನಡುಕ ಮತ್ತು ಬಿಗಿತ ಕಡಿಮೆಯಾಯಿತು. ಇಷ್ಟು ಕಡಿಮೆ ಜನ, ಇಷ್ಟು ವರ್ಷಗಳ ಕಾಯುವಿಕೆ. ನಿಜವಾದ ಕಾಯಕಲ್ಪ ನಡೆಯುವುದು ಈ ವೇಗದಲ್ಲಿ.

ಮನೆಯ ಹಿರಿಯರಿಗೆ ಯಾರಾದರೂ ಸ್ಟೆಮ್ ಸೆಲ್ ಚುಚ್ಚುಮದ್ದಿನ ಆಸೆ ತೋರಿಸಿದರೆ ಈ ಪದದ ಎರಡನೆಯ ಅರ್ಧವನ್ನು ನೆನಪು ಮಾಡಿಕೊಳ್ಳಿ. ಔಷಧ ನಿಯಂತ್ರಕರು ಈ ಕಾಯಿಲೆಗೆ ಇದನ್ನು ಒಪ್ಪಿದ್ದಾರೆಯೇ ಎಂದು ನೇರವಾಗಿ ಕೇಳಿ. ಒಪ್ಪದಿದ್ದರೆ ಅದು ಪ್ರಯೋಗ. ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ, ನೀತಿ ಸಮಿತಿಯ ಒಪ್ಪಿಗೆ ಪತ್ರ ಎರಡನ್ನೂ ಬರವಣಿಗೆಯಲ್ಲಿ ಪಡೆಯಿರಿ. ಬರೀ ನೋಂದಣಿ ಸಂಖ್ಯೆಯನ್ನು ನಂಬಬೇಡಿ, ಫ್ಲಾರಿಡಾದಲ್ಲಿ ಹಾಗೆ ನಂಬಿದವರು ಮೋಸಹೋದರು. ಆಮೇಲೆ ಎಷ್ಟು ಹಣ ಎಂದು ಕೇಳಿ. ಪ್ರಯೋಗದಲ್ಲಿರುವ ಚಿಕಿತ್ಸೆಗೆ ರೋಗಿಯಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ ಎಂಬುದು ನಮ್ಮ ದೇಶದ ಮಾರ್ಗಸೂಚಿ.